ಅತಿಚುರುಕಿನ ಥೈರಾಯ್ಡ್: ಮಾತ್ರೆ, ಅಯೋಡಿನ್, ಆಪರೇಷನ್‌ಗಳ ನಡುವೆ ನಾನು ನಿರ್ಧರಿಸಿದ ಬಗೆ

ಥೈರಾಯ್ಡ್ ತೊಂದರೆ ಇದೆ ಎಂದ ಕೂಡಲೇ ಹೆಚ್ಚಿನವರು ಊಹಿಸುವುದು ಗ್ರಂಥಿ ಮಂದವಾಗಿರುವ ಸ್ಥಿತಿಯನ್ನು: ಮೈತೂಕ ಏರುವುದು, ಸದಾ ಸುಸ್ತು, ಚಳಿ ತಾಳಲಾಗದಿರುವುದು, ಬೆಳಗ್ಗೆ ಎದ್ದೊಡನೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ನನಗೆ ಬಂದದ್ದು ಅದಕ್ಕೆ ತೀರಾ ವಿರುದ್ಧವಾದ ಕಾಯಿಲೆ. ನನ್ನ ಗ್ರಂಥಿ ದೇಹಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚು ಹಾರ್ಮೋನ್ ಸುರಿಸುತ್ತಿತ್ತು. ಮಂದ ಥೈರಾಯ್ಡ್‌ಗೆ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ, ಕೊರತೆಯಾದ ಹಾರ್ಮೋನನ್ನು ಮಾತ್ರೆಯ ರೂಪದಲ್ಲಿ ತುಂಬಿಕೊಡುವುದು. ಅತಿಚುರುಕಿನ ಥೈರಾಯ್ಡ್‌ಗೆ ದಾರಿಗಳು ಮೂರಿವೆ, ಮೂರೂ ಒಂದನ್ನೊಂದು ಹೋಲುವುದಿಲ್ಲ, ಅವುಗಳಲ್ಲಿ ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆಯನ್ನು ವೈದ್ಯರು ಬಹುಮಟ್ಟಿಗೆ ರೋಗಿಯ ಮುಂದೆಯೇ ಇಡುತ್ತಾರೆ. ಆ ಪ್ರಶ್ನೆಯನ್ನು ನಾನು ಎರಡು ವರ್ಷಕ್ಕೂ ಹೆಚ್ಚು ಕಾಲ ಹೊತ್ತು ತಿರುಗಿದ್ದೇನೆ. ಇದೇ ಪ್ರಶ್ನೆಯ ಮುಂದೆ ನಿಂತಿರುವ ಇನ್ನೊಬ್ಬರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆ ಒಂದೇ ದಿನ ಬಂದು ನಿಲ್ಲಲಿಲ್ಲ. ಹಸಿವು ಹೆಚ್ಚಾಯಿತು, ಎಷ್ಟು ಉಂಡರೂ ತೂಕ ಇಳಿಯುತ್ತಲೇ ಹೋಯಿತು. ಎಲ್ಲರೂ ಹೊದ್ದು ಮಲಗುವ ಹೊತ್ತಿನಲ್ಲಿ ನನಗೆ ಸೆಕೆ. ರಾತ್ರಿ ನಿದ್ದೆ ಹತ್ತದೆ ಮಲಗಿದ್ದಾಗ ಎದೆಬಡಿತ ದಿಂಬಿನ ಮೂಲಕ ಕಿವಿಗೆ ಕೇಳಿಸುತ್ತಿತ್ತು. ನಾನು ಶಾಲಾ ಶಿಕ್ಷಕಿ. ಕಪ್ಪುಹಲಗೆಯ ಮೇಲೆ ನನ್ನ ಅಕ್ಷರದ ಗೆರೆಗಳು ಅಲುಗತೊಡಗಿದ್ದನ್ನು ನನಗಿಂತ ಮೊದಲು ಗಮನಿಸಿದವರು ಮಕ್ಕಳು. ನೆಲದ ಮೇಲೆ ಕುಳಿತರೆ ಕೈಯೂರದೆ ಏಳಲಾಗುತ್ತಿರಲಿಲ್ಲ, ಮೆಟ್ಟಿಲು ಹತ್ತುವಾಗ ತೊಡೆಗಳಲ್ಲಿ ಬಲವೇ ಇಲ್ಲದಂತೆ ಆಗುತ್ತಿತ್ತು. ಥೈರಾಯ್ಡ್ ಹಾರ್ಮೋನ್ ಮಿತಿಮೀರಿದಾಗ ತೊಡೆ ಮತ್ತು ಭುಜದ ದೊಡ್ಡ ಸ್ನಾಯುಗಳೇ ಮೊದಲು ಸೊರಗುತ್ತವೆ ಎಂಬುದನ್ನು ನಾನು ತಿಳಿದದ್ದು ಆಮೇಲೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಮನಸ್ಸಿನ ಸ್ಥಿತಿ. ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತಿತ್ತು, ಐದೇ ನಿಮಿಷದಲ್ಲಿ ಅಳು ಬರುತ್ತಿತ್ತು. ಯಾವುದೋ ಕೆಡುಕು ಆಗಿಯೇ ತೀರುತ್ತದೆಂಬ ಭಯ ಕಾರಣವಿಲ್ಲದೆ ಎದೆಯಲ್ಲಿ ಕುಳಿತಿರುತ್ತಿತ್ತು. ಕೆಲಸದ ಒತ್ತಡ, ಚಿಕ್ಕ ಮಗುವಿನ ಜವಾಬ್ದಾರಿ, ಸ್ವಲ್ಪ ವಿಶ್ರಾಂತಿ ಬೇಕು ಎಂದು ಸುತ್ತಲಿನವರು ಹೇಳಿದಾಗ ಅದು ನಂಬುವಂತೆಯೇ ಇತ್ತು. ಹೆಂಗಸರಲ್ಲಿ ಈ ಕಾಯಿಲೆ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು, ಆದರೂ ಹೆಂಗಸರ ಎದೆಬಡಿತಕ್ಕೂ ನಿದ್ರಾಹೀನತೆಗೂ ಮೊದಲು ಸಿಗುವ ವಿವರಣೆ ಮನಸ್ಸಿನ ಒತ್ತಡವೇ. ಇದು ನನಗೆ ಈಗಲೂ ನೋವು ತರುವ ಸಂಗತಿ, ಏಕೆಂದರೆ ರೋಗವನ್ನು ಪತ್ತೆಹಚ್ಚಲು ಬೇಕಾಗಿರುವುದು ಒಂದು ಸಾಮಾನ್ಯ ರಕ್ತಪರೀಕ್ಷೆ ಮಾತ್ರ.

ಆ ಪರೀಕ್ಷೆಯನ್ನು ಬರೆದುಕೊಟ್ಟವರು ಒಬ್ಬ ಹಿರಿಯ ವೈದ್ಯರು. ಅವರು ನನ್ನ ಎರಡೂ ಕೈಗಳನ್ನು ಮುಂದೆ ಚಾಚಿಸಿ, ಬೆರಳುಗಳನ್ನು ಅಗಲಿಸಲು ಹೇಳಿ, ಅವುಗಳ ಮೇಲೆ ಒಂದು ತೆಳುವಾದ ಹಾಳೆಯನ್ನು ಇಟ್ಟರು. ಬರಿಗಣ್ಣಿಗೆ ಅಷ್ಟಾಗಿ ಕಾಣದ ನಡುಕ ಹಾಳೆಯ ಅಂಚಿನಲ್ಲಿ ಸ್ಪಷ್ಟವಾಗಿ ಕಂಡಿತು. ಗಾಳಿಯಿಲ್ಲದ ಕೋಣೆಯಲ್ಲಿ ಕಾಗದ ಪಟಪಟನೆ ಅದುರುತ್ತಿತ್ತು. ಬಳಿಕ ಅವರು ನನ್ನ ಹಿಂದೆ ನಿಂತು ಕುತ್ತಿಗೆಯನ್ನು ಎರಡೂ ಕೈಗಳಿಂದ ಮುಟ್ಟಿ, ನೀರು ಗುಟುಕರಿಸಲು ಹೇಳಿ, ಗ್ರಂಥಿ ಊದಿರುವುದನ್ನು ಖಚಿತಪಡಿಸಿಕೊಂಡರು. ಕುಳಿತಿದ್ದಾಗಲೇ ನಾಡಿ ನಿಮಿಷಕ್ಕೆ 120ನ್ನು ದಾಟಿತ್ತು.

ರಿಪೋರ್ಟಿನಲ್ಲಿ ಟಿಎಸ್‌ಎಚ್ 0.01ಕ್ಕಿಂತ ಕಡಿಮೆ ಎಂದಿತ್ತು. ಸಾಮಾನ್ಯವಾಗಿ ಇರಬೇಕಾದದ್ದು ಸುಮಾರು 0.4ರಿಂದ 4ರವರೆಗೆ. ಟಿಎಸ್‌ಎಚ್ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕೆಲಸ ಮಾಡಲು ಕೊಡುವ ಸೂಚನೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಾದಷ್ಟೂ ಆ ಸೂಚನೆ ಕ್ಷೀಣಿಸುತ್ತದೆ. ಆದ್ದರಿಂದ ಟಿಎಸ್‌ಎಚ್ ಇಳಿದಿದೆ ಎಂದರೆ ಥೈರಾಯ್ಡ್ ಏರಿದೆ ಎಂದು ಓದಿಕೊಳ್ಳಬೇಕು. ಥೈರಾಯ್ಡ್ ತಯಾರಿಸುವ ಹಾರ್ಮೋನುಗಳಾದ ಟಿ4 ಮತ್ತು ಟಿ3 ಎರಡೂ ಮಿತಿಯನ್ನು ಬಹಳ ದೂರ ದಾಟಿದ್ದವು. ಕೂದಲು ಉದುರುತ್ತದೆಂದು ನಾನು ಆಗ ಬಯೋಟಿನ್ ಎಂಬ ವಿಟಮಿನ್ ಇರುವ ಮಾತ್ರೆ ನುಂಗುತ್ತಿದ್ದೆ. ಅದನ್ನು ಕೇಳಿ ತಿಳಿದ ವೈದ್ಯರು ಕೆಲವು ದಿನ ನಿಲ್ಲಿಸಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದರು. ಬಯೋಟಿನ್ ಹಲವು ಲ್ಯಾಬ್ ವಿಧಾನಗಳಲ್ಲಿ ಅಡ್ಡಬಂದು ಟಿಎಸ್‌ಎಚ್ ಅನ್ನು ಕಡಿಮೆಯೆಂದೂ ಟಿ4 ಅನ್ನು ಹೆಚ್ಚೆಂದೂ ತೋರಿಸಬಲ್ಲದು, ಅಂದರೆ ಇಲ್ಲದ ಅತಿಚುರುಕನ್ನು ಕಾಗದದ ಮೇಲೆ ಸೃಷ್ಟಿಸಬಲ್ಲದು. ನನ್ನ ಎರಡನೆಯ ರಿಪೋರ್ಟೂ ಮೊದಲಿನದನ್ನೇ ಹೇಳಿತು.

ಹಾರ್ಮೋನ್ ಹೆಚ್ಚಾಗಿದೆ ಎಂದು ತಿಳಿದ ಮಾತ್ರಕ್ಕೆ ಚಿಕಿತ್ಸೆ ಶುರುವಾಗುವುದಿಲ್ಲ, ಏಕೆ ಹೆಚ್ಚಾಗಿದೆ ಎಂಬುದು ತಿಳಿಯಬೇಕು. ಥೈರಾಯ್ಡ್‌ಗೆ ಉರಿಯೂತ ಬಂದು, ಒಳಗೆ ಶೇಖರವಾಗಿದ್ದ ಹಾರ್ಮೋನ್ ಸೋರಿ ರಕ್ತಕ್ಕೆ ಸೇರುವ ಸಂದರ್ಭಗಳೂ ಉಂಟು. ಅಂಥವರಲ್ಲಿ ಕಾಯಿಲೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ, ಹಾರ್ಮೋನ್ ತಯಾರಿಕೆಯನ್ನು ತಡೆಯುವ ಮಾತ್ರೆಗಳಿಂದ ಏನೂ ಪ್ರಯೋಜನವಾಗುವುದಿಲ್ಲ. ಇನ್ನು ಕೆಲವರಲ್ಲಿ ಗ್ರಂಥಿಯೊಳಗಿನ ಒಂದು ಅಥವಾ ಹಲವು ಗಂಟುಗಳು ಯಾರ ಸೂಚನೆಗೂ ಕಾಯದೆ ತಾವಾಗಿಯೇ ಹಾರ್ಮೋನ್ ತಯಾರಿಸುತ್ತಿರುತ್ತವೆ. ನನ್ನ ಸ್ಕ್ಯಾನಿನಲ್ಲಿ ಇಡೀ ಗ್ರಂಥಿ ಒಂದೇ ಸಮನೆ ಚುರುಕಾಗಿರುವುದು ಕಂಡಿತು. ಟಿಆರ್‌ಎಬಿ ಎಂಬ ಪ್ರತಿಕಾಯದ ಪರೀಕ್ಷೆಯೂ ಪಾಸಿಟಿವ್ ಬಂದಿತು. ಅಲ್ಲಿಗೆ ಕಾಯಿಲೆಗೆ ಹೆಸರು ಸಿಕ್ಕಿತು: ಗ್ರೇವ್ಸ್ ಕಾಯಿಲೆ. ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ವಿವರಿಸಿದ್ದರಿಂದ ಈ ಹೆಸರು. 1840ರಲ್ಲಿ ಕಾರ್ಲ್ ಫಾನ್ ಬಾಸೆಡೋ ಕೂಡ ಇದನ್ನು ವಿವರಿಸಿದ್ದರಿಂದ ಯುರೋಪಿನ ಕೆಲವೆಡೆ ಅದಕ್ಕೆ ಅವರ ಹೆಸರೇ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಪ್ಪು ಪ್ರತಿಕಾಯಗಳನ್ನು ತಯಾರಿಸುತ್ತದೆ, ಅವು ಟಿಎಸ್‌ಎಚ್ ಬಂದು ಕೂರಬೇಕಾದ ಜಾಗದಲ್ಲಿ ಕುಳಿತು ಗ್ರಂಥಿಯನ್ನು ಬಿಡುವಿಲ್ಲದೆ ದುಡಿಸುತ್ತವೆ. ತಪ್ಪು ಥೈರಾಯ್ಡ್‌ನದಲ್ಲ ಎಂಬುದು ಅರ್ಥವಾದಾಗ ನನಗೇಕೋ ಆ ಗ್ರಂಥಿಯ ಬಗ್ಗೆ ಮರುಕವೆನಿಸಿತು.

ಹಾರ್ಮೋನ್ ತಜ್ಞರಾದ ವೈದ್ಯೆ ಮೊದಲ ಭೇಟಿಯಲ್ಲೇ ಮೂರೂ ದಾರಿಗಳನ್ನು ವಿವರಿಸಿದರು. ಒಂದು, ಹಾರ್ಮೋನ್ ತಯಾರಿಕೆಯನ್ನು ತಡೆಯುವ ಮಾತ್ರೆಯನ್ನು ಹನ್ನೆರಡರಿಂದ ಹದಿನೆಂಟು ತಿಂಗಳು ನುಂಗಿ, ಆ ಅವಧಿಯಲ್ಲಿ ಪ್ರತಿಕಾಯಗಳು ತಣ್ಣಗಾಗುತ್ತವೆಯೇ ಎಂದು ಕಾದುನೋಡುವುದು. ಎರಡು, ವಿಕಿರಣಶೀಲ ಅಯೋಡಿನ್ ನುಂಗಿ ಗ್ರಂಥಿಯನ್ನು ಒಳಗಿನಿಂದಲೇ ನಿಷ್ಕ್ರಿಯಗೊಳಿಸುವುದು. ಮೂರು, ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನು ತೆಗೆದುಹಾಕುವುದು. ನಾನು ಆಗಲೇ, ಅಲ್ಲಿಯೇ, ಆಪರೇಷನ್ ಮಾಡಿಬಿಡಿ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಾ ಶಾಂತವಾಗಿ ಹೇಳಿದ ಮಾತನ್ನು ನಾನು ಇಲ್ಲಿ ಬರೆಯಲೇಬೇಕು: "ಇವತ್ತೇ ಏನನ್ನೂ ನಿರ್ಧರಿಸಬೇಡಿ. ಈಗ ನಿಮ್ಮೊಳಗಿರುವ ಆತುರದಲ್ಲಿ ನಿಮ್ಮದೆಷ್ಟು, ಹಾರ್ಮೋನಿನದೆಷ್ಟು ಎಂದು ನಿಮಗೂ ಗೊತ್ತಾಗದು, ನನಗೂ ಗೊತ್ತಾಗದು. ಮೊದಲು ಟಿ4 ಇಳಿಯಲಿ, ಆಮೇಲೆ ಕೂತು ಮಾತಾಡೋಣ."

ಈ ಕಾಯಿಲೆಯ ಬಗ್ಗೆ ನನಗೆ ಹೇಳಬೇಕೆನಿಸುವ ಮುಖ್ಯ ಮಾತೂ ಇದೇ. ಬೇರೆ ಹಲವು ರೋಗಗಳಲ್ಲಿ ನಿರ್ಧಾರ ಮಾಡುವ ಮನಸ್ಸು ರೋಗದಿಂದ ಹೊರಗೆ ನಿಂತಿರುತ್ತದೆ. ಇದರಲ್ಲಿ ಹಾಗಲ್ಲ. ಆತುರ, ಭಯ, ಅನುಮಾನ, ಒಂದೇ ಯೋಚನೆಯನ್ನು ನಡುರಾತ್ರಿಯವರೆಗೂ ಮಥಿಸುವುದು, ಇವೆಲ್ಲ ಕಾಯಿಲೆಯ ಲಕ್ಷಣಗಳೇ. ಅದೃಷ್ಟವೆಂದರೆ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಯೋಚಿಸಲು ಬೇಕಾದ ಕಾಲಾವಕಾಶವನ್ನು ಮಾತ್ರೆಗಳು ಒದಗಿಸಿಕೊಡುತ್ತವೆ.

ಮೊದಲು ನೆಮ್ಮದಿ ಕೊಟ್ಟದ್ದು ಪ್ರೊಪ್ರನಲಾಲ್. ಅದು ಥೈರಾಯ್ಡ್ ಅನ್ನು ಗುಣಪಡಿಸುವ ಔಷಧಿಯಲ್ಲ. ಹಾರ್ಮೋನ್ ಹೃದಯ ಮತ್ತು ನರಗಳ ಮೇಲೆ ಮಾಡುವ ದಾಂಧಲೆಯನ್ನು ತಡೆಯುತ್ತದೆ, ಅಷ್ಟೇ. ಆಸ್ತಮಾ ಇರುವವರಿಗೆ ಅದು ಆಗಿಬರುವುದಿಲ್ಲವಾದ್ದರಿಂದ ವೈದ್ಯೆ ಆ ವಿಷಯವನ್ನು ಮೊದಲೇ ಕೇಳಿದ್ದರು. ಕೆಲವೇ ದಿನಗಳಲ್ಲಿ ಕೈನಡುಕ ಕಡಿಮೆಯಾಗಿ, ಎದೆಬಡಿತ ಹತೋಟಿಗೆ ಬಂದು, ಬಹಳ ಕಾಲದ ಮೇಲೆ ನಾನು ಇಡೀ ರಾತ್ರಿ ನಿದ್ದೆ ಮಾಡಿದೆ.

ಮುಖ್ಯ ಮಾತ್ರೆ ಕಾರ್ಬಿಮಜೋಲ್. ಅದು ದೇಹದೊಳಗೆ ಮೆಥಿಮಜೋಲ್ ಆಗಿ ಬದಲಾಗಿ, ಗ್ರಂಥಿ ಅಯೋಡಿನ್ ಬಳಸಿ ಹೊಸ ಹಾರ್ಮೋನ್ ತಯಾರಿಸದಂತೆ ತಡೆಯುತ್ತದೆ. ಆದರೆ ಈಗಾಗಲೇ ತಯಾರಾಗಿ ಶೇಖರವಾಗಿರುವ ಹಾರ್ಮೋನನ್ನು ಅದು ಮುಟ್ಟುವುದಿಲ್ಲ. ಕೊಳಾಯಿ ನಿಲ್ಲಿಸಿದರೂ ತೊಟ್ಟಿಯಲ್ಲಿ ತುಂಬಿದ ನೀರು ಖಾಲಿಯಾಗಬೇಕಲ್ಲ, ಹಾಗೆ. ಮಾತ್ರೆ ಶುರುಮಾಡಿ ಎರಡು ವಾರವಾದರೂ ಏನೂ ಬದಲಾಗಲಿಲ್ಲವೆಂದು ನಿರಾಶರಾಗುವವರಿಗೆ ಈ ವಿಷಯ ತಿಳಿದಿರಬೇಕು. ಪರಿಣಾಮ ಕಾಣಲು ಸಾಮಾನ್ಯವಾಗಿ ಮೂರರಿಂದ ಆರು ವಾರ ಬೇಕು.

ಈ ಮಾತ್ರೆಯ ಬಗ್ಗೆ ವೈದ್ಯೆ ಒಂದು ಎಚ್ಚರಿಕೆಯನ್ನು ಬಾಯಲ್ಲಿ ಹೇಳಿದ್ದಲ್ಲದೆ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು: ಜ್ವರ ಅಥವಾ ಗಂಟಲುನೋವು ಬಂದರೆ ಮಾತ್ರೆಯನ್ನು ತಕ್ಷಣ ನಿಲ್ಲಿಸಿ, ಅದೇ ದಿನ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ಸಾವಿರದಲ್ಲಿ ಎರಡರಿಂದ ಐದು ಮಂದಿಯಲ್ಲಿ ಈ ಔಷಧಿಯಿಂದ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಹಠಾತ್ತನೆ ಕುಸಿಯುತ್ತವೆ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಆಗುವ ಈ ಅಪಾಯವನ್ನು ಕಡೆಗಣಿಸಿದರೆ ಪ್ರಾಣಕ್ಕೇ ಕುತ್ತು. ಚರ್ಮ ಅಥವಾ ಕಣ್ಣು ಹಳದಿಯಾಗುವುದು, ಮೂತ್ರ ಗಾಢಬಣ್ಣಕ್ಕೆ ತಿರುಗುವುದು ಯಕೃತ್ತಿನ ತೊಂದರೆಯ ಸೂಚನೆ. ಚೀಟಿಯ ಒಂದು ಪ್ರತಿಯನ್ನು ನಾನು ಪರ್ಸಿನಲ್ಲಿಟ್ಟುಕೊಂಡೆ, ಇನ್ನೊಂದನ್ನು ಮನೆಯವರ ಕೈಗೆ ಕೊಟ್ಟೆ. ಒಮ್ಮೆ ರಾತ್ರಿ ಗಂಟಲು ಕೆರೆದು ಜ್ವರ ಬಂದಾಗ ನನ್ನ ಪತಿ ಆ ಚೀಟಿಯನ್ನೇ ಹಿಡಿದು ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದರು. ಎಣಿಕೆ ಸರಿಯಾಗಿತ್ತು, ಅದು ಸಾಮಾನ್ಯ ಶೀತವಷ್ಟೇ. ಆದರೆ ಅಲ್ಲಿದ್ದ ಕಿರಿಯ ವೈದ್ಯರು ರಕ್ತಪರೀಕ್ಷೆಯನ್ನು ಕೂಡಲೇ ಬರೆದದ್ದು ಚೀಟಿಯನ್ನು ಓದಿದ ಮೇಲೆಯೇ. ಕಾರ್ಬಿಮಜೋಲ್ ನುಂಗುವ ಪ್ರತಿಯೊಬ್ಬರ ಬಳಿಯೂ ಅಂಥದೊಂದು ಚೀಟಿ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ತಿಂಗಳೊಳಗೆ ಟಿ4 ಇಳಿಯತೊಡಗಿತು, ಟಿಎಸ್‌ಎಚ್ ಮಾತ್ರ 0.01ರಲ್ಲೇ ನಿಂತಿತ್ತು. ಚಿಕಿತ್ಸೆ ಫಲಿಸುತ್ತಿಲ್ಲವೆಂದು ಅಂದುಕೊಳ್ಳುವುದು ಸುಲಭ. ಬಹುಕಾಲ ಅದುಮಿಟ್ಟಿದ್ದ ಪಿಟ್ಯುಟರಿ ಎಚ್ಚರಗೊಳ್ಳಲು ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಬೇಕು. ಆರಂಭದ ತಿಂಗಳುಗಳಲ್ಲಿ ಮಾತ್ರೆಯ ಪ್ರಮಾಣವನ್ನು ಟಿ4, ಟಿ3 ನೋಡಿಯೇ ನಿರ್ಧರಿಸಬೇಕು. ನಡುವೆ ಒಮ್ಮೆ ಟಿ4 ಅಗತ್ಯಕ್ಕಿಂತ ಕೆಳಗಿಳಿದು, ಮೈ ಭಾರ, ಮಂಕು, ಕೀಲುನೋವು ಶುರುವಾದವು. ಪ್ರಮಾಣವನ್ನು ಅರ್ಧಕ್ಕಿಳಿಸಿದ ಮೇಲೆ ಸರಿಹೋಯಿತು. ತೂಕ ವಾಪಸು ಬಂತು, ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಬಂತು. ಅದಕ್ಕೆ ಬೇಸರಪಡಬಾರದೆಂದು ನನಗೆ ನಾನೇ ಹೇಳಿಕೊಂಡೆ, ಏಕೆಂದರೆ ಕಾಯಿಲೆಯಲ್ಲಿ ಕರಗಿದ್ದರಲ್ಲಿ ಸ್ನಾಯುವೂ ಇತ್ತು, ಮೂಳೆಯ ಸಾರವೂ ಇತ್ತು.

ಹದಿನೆಂಟು ತಿಂಗಳ ಕೊನೆಗೆ ನನ್ನ ಟಿಆರ್‌ಎಬಿ ಬಹಳ ಇಳಿದಿತ್ತು, ಆದರೆ ಪೂರ್ತಿ ಮಾಯವಾಗಿರಲಿಲ್ಲ. ಮಾತ್ರೆ ನಿಲ್ಲಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಕಾಯಿಲೆ ಮರುಕಳಿಸುತ್ತದೆ. ಪ್ರತಿಕಾಯ ಉಳಿದಿರುವವರಿಗೆ, ಗ್ರಂಥಿ ದೊಡ್ಡದಾಗಿರುವವರಿಗೆ, ಧೂಮಪಾನ ಮಾಡುವವರಿಗೆ ಆ ಸಾಧ್ಯತೆ ಇನ್ನೂ ಹೆಚ್ಚು. ಇದನ್ನೆಲ್ಲ ತಿಳಿದೇ ನಾವು ನಿಲ್ಲಿಸಿ ನೋಡಿದೆವು. ಕೆಲವು ತಿಂಗಳು ಚೆನ್ನಾಗಿಯೇ ಕಳೆದವು. ಆಮೇಲೆ ಒಂದು ರಾತ್ರಿ ದಿಂಬಿನೊಳಗಿಂದ ಮತ್ತೆ ಅದೇ ಬಡಿತ ಕೇಳಿಸಿತು, ಪರೀಕ್ಷೆಯೂ ಅದನ್ನೇ ಖಚಿತಪಡಿಸಿತು. ಮಾತ್ರೆಯನ್ನು ಪುನಃ ಆರಂಭಿಸಿ, ಟಿ4 ಹತೋಟಿಗೆ ಬಂದ ಮೇಲೆ ಮೂರು ದಾರಿಗಳನ್ನು ಮತ್ತೆ ಮುಂದಿಟ್ಟುಕೊಂಡು ಕುಳಿತೆವು. ಮೊದಲ ಸಲಕ್ಕೂ ಈ ಸಲಕ್ಕೂ ಇದ್ದ ವ್ಯತ್ಯಾಸವನ್ನು ನಾನೇ ಗುರುತಿಸಬಲ್ಲವಳಾಗಿದ್ದೆ. ಈಗ ನಾನು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ, ಉತ್ತರ ಮುಗಿಯುವವರೆಗೂ ಕೇಳುವ ವ್ಯವಧಾನ ಇತ್ತು.

ಕಡಿಮೆ ಪ್ರಮಾಣದ ಮಾತ್ರೆಯನ್ನೇ ವರ್ಷಗಟ್ಟಲೆ ಮುಂದುವರಿಸುವುದು ಒಂದು ಆಯ್ಕೆಯಾಗಿತ್ತು. ಹಿಂದೆ ಇದನ್ನು ವೈದ್ಯರು ಅಷ್ಟಾಗಿ ಒಪ್ಪುತ್ತಿರಲಿಲ್ಲ, ಈಗ ಇದೂ ಒಪ್ಪಿತವಾದ ದಾರಿಯೇ ಆಗಿದೆ. ಗ್ರಂಥಿ ಉಳಿಯುತ್ತದೆ, ಜೀವನಪರ್ಯಂತ ಹೊರಗಿನ ಹಾರ್ಮೋನಿಗೆ ಕೈಚಾಚಬೇಕಿಲ್ಲ. ನಲವತ್ತೈದು, ಐವತ್ತರ ವಯಸ್ಸಾಗಿದ್ದರೆ ಬಹುಶಃ ನಾನು ಇದನ್ನೇ ಹಿಡಿಯುತ್ತಿದ್ದೆ. ಆದರೆ ನಮಗೆ ಇನ್ನೊಂದು ಮಗು ಬೇಕೆಂಬ ಆಸೆ ಇತ್ತು. ಕಾರ್ಬಿಮಜೋಲ್, ಮೆಥಿಮಜೋಲ್ ಎರಡೂ ಗರ್ಭದ ಮೊದಲ ವಾರಗಳಲ್ಲಿ ಮಗುವಿನ ಅಂಗರಚನೆಯಲ್ಲಿ ದೋಷ ಉಂಟುಮಾಡಬಹುದು. ಆ ಅವಧಿಗೆ ಪ್ರೊಪಿಲ್‌ಥಯೋಯುರಾಸಿಲ್ ಎಂಬ ಇನ್ನೊಂದು ಮಾತ್ರೆಗೆ ಬದಲಾಯಿಸುತ್ತಾರಾದರೂ ಅದು ಯಕೃತ್ತಿಗೆ ತೀವ್ರ ಹಾನಿ ಮಾಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಅದರ ಮೇಲೆ ಹಾಕಿಸಿದೆ. ಎಷ್ಟೋ ಮಂದಿ ತಾಯಂದಿರು ಈ ಮಾತ್ರೆಗಳ ಜೊತೆಗೇ ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಆದರೂ, ಯೋಜಿಸಿಕೊಂಡು ಗರ್ಭ ಧರಿಸುವ ಅವಕಾಶ ನನಗಿದ್ದಾಗ ಆ ತೂಗುಯ್ಯಾಲೆ ನನಗೆ ಬೇಡವೆನಿಸಿತು.

ವಿಕಿರಣಶೀಲ ಅಯೋಡಿನ್ ಬಗ್ಗೆ ನನ್ನ ಮನೆಯಲ್ಲಿ ಇದ್ದಷ್ಟು ಭಯ ಬೇರೆ ಯಾವುದರ ಬಗ್ಗೆಯೂ ಇರಲಿಲ್ಲ. ಓದಿದಷ್ಟೂ ಆ ಭಯದಲ್ಲಿ ಹೆಚ್ಚಿನದು ಹೆಸರಿನಿಂದ ಬಂದದ್ದೆಂದು ನನಗೆ ಮನವರಿಕೆಯಾಯಿತು. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಎಂದರೆ ಕಚ್ಚಾವಸ್ತು. ದೇಹದೊಳಗೆ ಬಂದ ಅಯೋಡಿನ್ ಅನ್ನು ಅದು ಹುಡುಕಿ ಎಳೆದುಕೊಳ್ಳುತ್ತದೆ. ಆ ಗುಣವನ್ನೇ ಬಳಸಿಕೊಂಡು, ಅಯೋಡಿನ್–131 ತುಂಬಿದ ಒಂದು ಕ್ಯಾಪ್ಸೂಲನ್ನು ನುಂಗಿಸುತ್ತಾರೆ. ಅದು ಸೂಸುವ ಬೀಟಾ ಕಣಗಳು ಅಂಗಾಂಶದಲ್ಲಿ ಒಂದೆರಡು ಮಿಲಿಮೀಟರ್‌ಗಿಂತ ದೂರ ಸಾಗುವುದಿಲ್ಲವಾದ್ದರಿಂದ ಹಾನಿ ಬಹುಪಾಲು ಗ್ರಂಥಿಯೊಳಗೇ ಮುಗಿಯುತ್ತದೆ. ಅದರ ಅರ್ಧಾಯುಷ್ಯ ಎಂಟು ದಿನ. ಅಮೆರಿಕದ ವೈದ್ಯ ಸಾಲ್ ಹರ್ಟ್ಜ್ 1941ರಲ್ಲಿ ಅತಿಚುರುಕಿನ ಥೈರಾಯ್ಡ್ ಇದ್ದ ರೋಗಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟಂದಿನಿಂದ ಈ ಚಿಕಿತ್ಸೆ ಬಳಕೆಯಲ್ಲಿದೆ. ಕತ್ತರಿ ಇಲ್ಲ, ಅರಿವಳಿಕೆ ಇಲ್ಲ, ಕೊರಳ ಮೇಲೆ ಕಲೆ ಇಲ್ಲ. ಕೆಲವು ತಿಂಗಳುಗಳಲ್ಲಿ ಗ್ರಂಥಿ ಸೊರಗಿ, ಹೆಚ್ಚಿನವರು ಮಂದ ಥೈರಾಯ್ಡ್‌ನವರಾಗಿ ಜೀವನವಿಡೀ ಹಾರ್ಮೋನ್ ಮಾತ್ರೆ ನುಂಗಬೇಕಾಗುತ್ತದೆ. ಕೆಲವರಿಗೆ ಎರಡನೆಯ ಬಾರಿ ಅಯೋಡಿನ್ ಕೊಡಬೇಕಾಗಬಹುದು.

ಹಾಗಿದ್ದೂ ನನಗೆ ಅದು ಹೊಂದಲಿಲ್ಲ, ಕಾರಣಗಳು ಭಯದವಲ್ಲ. ಅಯೋಡಿನ್ ನುಂಗಿದ ಮೇಲೆ ಹಲವು ದಿನ ಚಿಕ್ಕ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಬೇಕು, ಬೇರೆ ಮಲಗಬೇಕು. ನನ್ನ ಮಗಳಿಗೆ ಆಗ ಮೂರು ತುಂಬಿತ್ತು, ರಾತ್ರಿ ನನ್ನ ಕೈ ಹಿಡಿಯದೆ ಅವಳು ಮಲಗುತ್ತಿರಲಿಲ್ಲ. ಇದು ಹೇಗೋ ನಿಭಾಯಿಸಬಹುದಾದ ತೊಂದರೆ. ಎರಡನೆಯದು ಹೆಚ್ಚು ತೂಕದ್ದು: ಚಿಕಿತ್ಸೆಯ ನಂತರ ಕನಿಷ್ಠ ಆರು ತಿಂಗಳು ಗರ್ಭ ಧರಿಸಬಾರದು, ಅಷ್ಟೇ ಅಲ್ಲ, ಅಯೋಡಿನ್ ಪಡೆದವರಲ್ಲಿ ಟಿಆರ್‌ಎಬಿ ಪ್ರತಿಕಾಯಗಳು ಮೊದಲು ಏರಿ, ವರ್ಷ ಕಳೆದರೂ ಹೆಚ್ಚಾಗಿಯೇ ಉಳಿಯಬಹುದು. ಆ ಪ್ರತಿಕಾಯಗಳು ಜರಾಯುವನ್ನು ದಾಟಿ ಮಗುವಿನ ಥೈರಾಯ್ಡನ್ನೂ ಕೆರಳಿಸಬಲ್ಲವು. ಮೂರನೆಯದು ನನ್ನ ಕಣ್ಣು. ಬೆಳಗ್ಗೆ ಎದ್ದಾಗ ಕಣ್ಣಲ್ಲಿ ಮರಳು ಬಿದ್ದಂತಾಗುವುದು, ಗಾಳಿಗೆ ನೀರು ಸುರಿಯುವುದು, ಮೇಲ್ರೆಪ್ಪೆ ಸ್ವಲ್ಪ ಮೇಲಕ್ಕೆ ಸರಿದು ಬಿಟ್ಟಗಣ್ಣಿನಂತೆ ಕಾಣುವುದು ಆ ಹೊತ್ತಿಗಾಗಲೇ ಶುರುವಾಗಿದ್ದವು. ಗ್ರೇವ್ಸ್ ಕಾಯಿಲೆಯ ಜೊತೆಗೆ ಬರುವ ಈ ಕಣ್ಣಿನ ತೊಂದರೆಯನ್ನು ವಿಕಿರಣಶೀಲ ಅಯೋಡಿನ್ ಕೆಲವರಲ್ಲಿ ಹೆಚ್ಚಿಸುತ್ತದೆ. ಅದನ್ನು ತಡೆಯಲು ಸ್ಟೀರಾಯ್ಡ್ ಕೊಡುವ ಪದ್ಧತಿ ಇದ್ದರೂ, ಕಣ್ಣಿನ ವೈದ್ಯರು ಬೇರೆ ದಾರಿ ಇದ್ದರೆ ಅದನ್ನೇ ನೋಡಿ ಎಂದರು.

ಉಳಿದದ್ದು ಶಸ್ತ್ರಚಿಕಿತ್ಸೆ. "ಕೊರಳಿಗೆ ಕತ್ತರಿ ಹಾಕಿಸ್ಕೋಬೇಡ ಕಣೇ, ಮಾತ್ರೆಯಲ್ಲೇ ನಡೆಯುತ್ತಲ್ಲ" ಎಂದು ಅಮ್ಮ ಕಣ್ಣೀರು ಹಾಕಿದರು. ನನ್ನ ತಂಗಿ, "ಅಕ್ಕಾ, ನಿನಗೆ ಪಾಠ ಹೇಳೋದಕ್ಕೆ ದನಿ ಬೇಕು, ಅದೊಂದನ್ನು ವಿಚಾರಿಸಿಕೋ" ಎಂದಳು. ಅವಳ ಮಾತು ಸರಿಯಾದ ಜಾಗಕ್ಕೇ ತಾಗಿತು. ಧ್ವನಿಪೆಟ್ಟಿಗೆಯ ನರಗಳು ಥೈರಾಯ್ಡ್‌ನ ಬೆನ್ನಿಗೆ ಅಂಟಿದಂತೆಯೇ ಹಾದುಹೋಗುತ್ತವೆ. ಅಲ್ಲಿಯೇ ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಇರುತ್ತವೆ, ರಕ್ತದ ಕ್ಯಾಲ್ಸಿಯಂ ಅವುಗಳ ಹತೋಟಿಯಲ್ಲಿದೆ. ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ, ಪ್ಯಾರಾಥೈರಾಯ್ಡ್‌ಗೆ ಪೆಟ್ಟಾದರೆ ಕ್ಯಾಲ್ಸಿಯಂ ಕುಸಿಯುತ್ತದೆ. ಈ ಶಸ್ತ್ರಚಿಕಿತ್ಸೆಯನ್ನು ಸುರಕ್ಷಿತಗೊಳಿಸಿದ ಸ್ವಿಟ್ಜರ್‌ಲೆಂಡಿನ ಥಿಯೋಡೋರ್ ಕೋಕರ್ ಅವರಿಗೆ 1909ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು; ಅಂದಿನಿಂದ ಇಂದಿನವರೆಗೂ ಫಲಿತಾಂಶ ಬಹುಪಾಲು ನಿಂತಿರುವುದು ಶಸ್ತ್ರವೈದ್ಯರ ಕೈಯ ಅನುಭವದ ಮೇಲೆಯೇ. ಆದ್ದರಿಂದ ನಾನು ಸಂಕೋಚ ಬಿಟ್ಟು ಕೇಳಿದೆ: ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ, ಎಷ್ಟು ಮಂದಿಗೆ ದನಿ ಶಾಶ್ವತವಾಗಿ ಕೆಟ್ಟಿದೆ, ಎಷ್ಟು ಮಂದಿ ಶಾಶ್ವತವಾಗಿ ಕ್ಯಾಲ್ಸಿಯಂ ನುಂಗುತ್ತಿದ್ದಾರೆ? ಮೊದಲು ಕಂಡ ಶಸ್ತ್ರವೈದ್ಯರು ಪ್ರಶ್ನೆಗೆ ಮುಖ ಗಂಟಿಕ್ಕಿದರು. ಎರಡನೆಯವರು ತಮ್ಮ ಲೆಕ್ಕವನ್ನು ಬಿಡಿಸಿ ಹೇಳಿದರು, ದನಿಯೇ ನನ್ನ ಜೀವನೋಪಾಯವೆಂದು ತಿಳಿದಾಗ ಆಪರೇಷನ್‌ಗೆ ಮುನ್ನ ಮತ್ತು ನಂತರ ಸ್ವರತಂತುಗಳನ್ನು ಕ್ಯಾಮೆರಾದಲ್ಲಿ ನೋಡುವುದಾಗಿ ತಾವಾಗಿಯೇ ಹೇಳಿದರು. ನಾನು ಎರಡನೆಯವರನ್ನು ಆರಿಸಿಕೊಂಡೆ.

ಹಾರ್ಮೋನ್ ಏರಿರುವಾಗ ಶಸ್ತ್ರಚಿಕಿತ್ಸೆ ಮಾಡಿದರೆ ಅದು ಒಮ್ಮೆಲೇ ಉಕ್ಕಿ ಪ್ರಾಣಾಪಾಯವಾಗಬಹುದಾದ್ದರಿಂದ ಟಿ4, ಟಿ3 ಸಹಜ ಸ್ಥಿತಿಗೆ ಬರುವವರೆಗೂ ಕಾದರು. ಕೊನೆಯ ಕೆಲವು ದಿನ ಅಯೋಡಿನ್ ದ್ರಾವಣದ ಹನಿಗಳನ್ನು ನೀರಿಗೆ ಹಾಕಿಕೊಂಡು ಕುಡಿಯಬೇಕಾಯಿತು. ಇದು ವಿಕಿರಣಶೀಲವಲ್ಲದ ಸಾಧಾರಣ ಅಯೋಡಿನ್, ಗ್ರಂಥಿಯ ರಕ್ತಸಂಚಾರವನ್ನು ತಗ್ಗಿಸಿ ಆಪರೇಷನ್ ವೇಳೆಯ ರಕ್ತಸ್ರಾವವನ್ನು ಕಡಿಮೆ ಮಾಡುತ್ತದೆ. ನಾಲಿಗೆಯ ಮೇಲೆ ಲೋಹದ ರುಚಿ ದಿನವಿಡೀ ನಿಲ್ಲುತ್ತಿತ್ತು.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳಲು ನನಗೆ ಹೆಚ್ಚೇನೂ ಇಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಗಂಟಲು ಒಣಗಿತ್ತು, ಕುತ್ತಿಗೆ ಬಿಗಿದಿತ್ತು, ನೀರು ಕೇಳಿದೆ. ದನಿ ಹೊರಟಿತು, ಗೊಗ್ಗರಾಗಿತ್ತು, ಆದರೂ ನನ್ನದೇ ದನಿ. ಎರಡನೆಯ ದಿನ ಬೆಳಗ್ಗೆ ತುಟಿಯ ಸುತ್ತ ಜುಮುಜುಮು ಎನ್ನತೊಡಗಿ, ಸ್ವಲ್ಪ ಹೊತ್ತಿನಲ್ಲಿ ಬೆರಳ ತುದಿಗಳಿಗೂ ಹರಡಿತು. ಕ್ಯಾಲ್ಸಿಯಂ ಇಳಿದಾಗ ಮೊದಲು ಕಾಣುವ ಲಕ್ಷಣ ಇದೆಂದು ಮೊದಲೇ ಹೇಳಿದ್ದರಿಂದ ಕೂಡಲೇ ನರ್ಸ್ ಅವರಿಗೆ ತಿಳಿಸಿದೆ. ರಕ್ತ ತೆಗೆದು ನೋಡಿ ಕ್ಯಾಲ್ಸಿಯಂ ಮತ್ತು ಸಕ್ರಿಯ ರೂಪದ ವಿಟಮಿನ್ ಡಿ ಕೊಟ್ಟರು. ಕೆಲವು ವಾರಗಳಲ್ಲಿ ಪ್ಯಾರಾಥೈರಾಯ್ಡ್‌ಗಳು ಚೇತರಿಸಿಕೊಂಡವು, ಮಾತ್ರೆಗಳನ್ನು ಹಂತಹಂತವಾಗಿ ನಿಲ್ಲಿಸಿದೆವು. ತರಗತಿಯ ಹಿಂದಿನ ಸಾಲಿಗೆ ಕೇಳಿಸುವಷ್ಟು ದನಿ ಮರಳಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಏರುದನಿಯಲ್ಲಿ ಪದ್ಯ ಹೇಳುವಾಗ ಈಗಲೂ ಬೇಗ ಆಯಾಸವಾಗುತ್ತದೆ.

ಈಗ ನಾನು ಲಿವೋಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನ್ ಮಾತ್ರೆ ನುಂಗುತ್ತೇನೆ. ಮೊದಲ ಪ್ರಮಾಣವನ್ನು ಮೈತೂಕದ ಲೆಕ್ಕದಲ್ಲಿ, ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂನಂತೆ ನಿಗದಿಪಡಿಸಿದರು. ಬದಲಿಸಿದಾಗಲೆಲ್ಲ ಆರರಿಂದ ಎಂಟು ವಾರ ಕಾದು ಟಿಎಸ್‌ಎಚ್ ನೋಡಬೇಕು, ಅದಕ್ಕೆ ಮೊದಲು ನೋಡಿದರೆ ಅಂಕಿ ದಾರಿ ತಪ್ಪಿಸುತ್ತದೆ. ಈ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ನಡುವೆ ನಾಲ್ಕು ಗಂಟೆ ಅಂತರ ಇರಬೇಕು. ಸರಿಯಾದ ಪ್ರಮಾಣ ಸಿಗುವವರೆಗಿನ ತಿಂಗಳುಗಳು ಸುಲಭವಾಗಿರಲಿಲ್ಲ, ಮಂಕುತನ ಮತ್ತು ತೂಕ ಎರಡನ್ನೂ ಅನುಭವಿಸಿದೆ. ಒಂದು ಕಾಯಿಲೆಯನ್ನು ಕೊಟ್ಟು ಇನ್ನೊಂದನ್ನು ಪಡೆದಂತಾಯಿತಲ್ಲ ಎಂದು ಕೇಳುವವರಿದ್ದಾರೆ. ಹೌದು, ಹಾಗೆಯೇ ಆಗಿದೆ. ಎದೆಬಡಿತದ ಲಯವನ್ನೇ ತಪ್ಪಿಸಬಲ್ಲ, ಮೂಳೆಯನ್ನು ಸವೆಸುವ, ಯಾವಾಗ ಮರುಕಳಿಸುತ್ತದೆಂದು ಹೇಳಲಾಗದ ಕಾಯಿಲೆಯ ಬದಲಿಗೆ, ದಿನಕ್ಕೊಂದು ಮಾತ್ರೆ ಮತ್ತು ಆಗಾಗ ಒಂದು ರಕ್ತಪರೀಕ್ಷೆಯಿಂದ ಹತೋಟಿಯಲ್ಲಿರುವ ಸ್ಥಿತಿಯನ್ನು ನಾನು ತಿಳಿದೇ ಆರಿಸಿಕೊಂಡೆ. ಮಕ್ಕಳು ದೊಡ್ಡವರಾಗಿರುವ, ಕಣ್ಣಿನ ತೊಂದರೆಯಿಲ್ಲದ ನನ್ನ ಸಹೋದ್ಯೋಗಿಯೊಬ್ಬರು ವಿಕಿರಣಶೀಲ ಅಯೋಡಿನ್ ಪಡೆದು ಚೆನ್ನಾಗಿದ್ದಾರೆ. ಅವರ ಲೆಕ್ಕ ಅವರಿಗೆ ಸರಿ, ನನ್ನ ಲೆಕ್ಕ ನನಗೆ ಸರಿ.

ಗ್ರಂಥಿ ಹೋದರೂ ಪ್ರತಿಕಾಯ ಹೋಗಿರುವುದಿಲ್ಲ ಎಂಬುದನ್ನು ಮಾತ್ರ ಗರ್ಭ ಧರಿಸಬೇಕೆಂದಿರುವ ಯಾರೂ ಮರೆಯಬಾರದು. ಶಸ್ತ್ರಚಿಕಿತ್ಸೆಯ ನಂತರ ಟಿಆರ್‌ಎಬಿ ಕ್ರಮೇಣ ಇಳಿಯುತ್ತದೆ, ನನ್ನದೂ ಇಳಿಯುತ್ತಿದೆ, ಆದರೆ ತಾಯಿಯಲ್ಲಿ ಥೈರಾಯ್ಡೇ ಇಲ್ಲದಿದ್ದರೂ ಆಕೆಯ ರಕ್ತದಲ್ಲಿ ಉಳಿದ ಪ್ರತಿಕಾಯ ಮಗುವಿನ ಗ್ರಂಥಿಯನ್ನು ಕೆರಳಿಸಬಲ್ಲದು. ಆದ್ದರಿಂದ ಪ್ರಸೂತಿ ತಜ್ಞರ ಕಡತದಲ್ಲಿ ಬರಿಯ ಹೈಪೋಥೈರಾಯ್ಡ್ (ಮಂದ ಥೈರಾಯ್ಡ್) ಎಂದು ಬರೆಯಲು ಬಿಡದೆ, ಗ್ರೇವ್ಸ್ ಕಾಯಿಲೆಗೆ ಥೈರಾಯ್ಡ್ ತೆಗೆಯಲಾಗಿದೆ ಎಂದು ಪೂರ್ತಿ ಬರೆಸಿದ್ದೇನೆ. ಗರ್ಭ ನಿಂತದ್ದು ತಿಳಿದ ಕೂಡಲೇ ಲಿವೋಥೈರಾಕ್ಸಿನ್ ಪ್ರಮಾಣವನ್ನು ಸುಮಾರು ಕಾಲುಭಾಗದಷ್ಟು ಹೆಚ್ಚಿಸಿ, ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಬೇಕೆಂದೂ, ಮೊದಲ ವಾರಗಳಲ್ಲೇ ಟಿಆರ್‌ಎಬಿ ಮಾಡಿಸಿ, ಅದು ಹೆಚ್ಚಿದ್ದರೆ ಐದನೆಯ ತಿಂಗಳ ಹೊತ್ತಿಗೆ ಮತ್ತೊಮ್ಮೆ ನೋಡಬೇಕೆಂದೂ ವೈದ್ಯೆ ಬರೆದುಕೊಟ್ಟಿದ್ದಾರೆ. ಆ ಹಾಳೆ ಈಗ ನನ್ನ ಪರ್ಸಿನಲ್ಲಿದೆ, ಪ್ರತಿ ನನ್ನ ಪತಿಯ ಬಳಿ ಇದೆ.